ತೆಂಗಿನಕಾಯಿ ಬೀಳುವ ಆಟ: ಅಂದವಿದೆ, ಭೌತವಿಜ್ಞಾನ ಎಲ್ಲಿದೆ?

ವಿದ್ಯಾರ್ಥಿಗಳೇ ಕಂಪ್ಯೂಟರ್ ಆಟ ರಚಿಸುವುದು ಈಗ ಕಷ್ಟದ ಕೆಲಸವಾಗಿ ಉಳಿದಿಲ್ಲ. ಅಮೆರಿಕದ ಎಂಐಟಿ ಸಂಸ್ಥೆ 2007ರಲ್ಲಿ ಬಿಡುಗಡೆ ಮಾಡಿದ 'ಸ್ಕ್ರ್ಯಾಚ್'ನಲ್ಲಿ ಆದೇಶದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಪ್ರೋಗ್ರಾಂ ಸಿದ್ಧ. ಹೊಸಬರು ಸಾಮಾನ್ಯವಾಗಿ ಮೊದಲು ಮಾಡುವುದು, ಮೇಲಿಂದ ಬೀಳುವ ವಸ್ತುವನ್ನು ಬುಟ್ಟಿಯಲ್ಲಿ ಹಿಡಿಯುವ ಆಟ. ಸಂಪಿಗೆ, ತಿಪಟೂರು, ಚಿಕ್ಕನಾಯಕನಹಳ್ಳಿಯ ಕಡೆಯ ಹುಡುಗರ ಕೈಯಲ್ಲಿ ಆ ವಸ್ತು ತೆಂಗಿನಕಾಯಿ ಆಗುವುದು ಸಹಜವೇ.

ಈ ಬಗೆಯ ಆಟದ ಒಳಗೆ ಇಣುಕಿ ನೋಡಿ. ಕಾಯಿಗೆ ಕೊಟ್ಟಿರುವ ಆದೇಶ ಬಹುತೇಕ ಒಂದೇ: ಪ್ರತಿ ಸುತ್ತಿನಲ್ಲೂ ಐದು ಮಾನ ಕೆಳಗಿಳಿ. ಎಂದರೆ ಕಾಯಿ ಸಮವೇಗದಲ್ಲಿ ಇಳಿಯುತ್ತದೆ. ತೋಟದಲ್ಲಿ ಯಾವ ಕಾಯಿಯೂ ಹೀಗೆ ಬೀಳುವುದಿಲ್ಲ. 20 ಮೀಟರ್ ಎತ್ತರದಿಂದ ಕಳಚಿದ ಕಾಯಿ, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಸುಮಾರು 2 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 70 ಕಿ.ಮೀ. ಕಾಯಿ ಕೀಳುವಾಗ ಮರದಡಿ ನಿಲ್ಲಬೇಡ ಎಂದು ಹಿರಿಯರು ಗದರುವುದು ಸುಮ್ಮನಲ್ಲ. ಆಟ ಆಡಿದ ಮಗು ಮಾತ್ರ ಕಾಯಿ ನಿಧಾನವಾಗಿ ಇಳಿದುಬರುತ್ತದೆ ಎಂದು ಕಲಿಯುತ್ತದೆ. ಪಾಠದಲ್ಲಿ ವೇಗೋತ್ಕರ್ಷ, ಪರದೆಯಲ್ಲಿ ಸಮವೇಗ!

ಸರಿಪಡಿಸಲು ಬೇಕಾದದ್ದು 'ವೇಗ' ಎಂಬ ಒಂದು ಚರ ಮಾತ್ರ. ಪ್ರತಿ ಸುತ್ತಿನಲ್ಲೂ ಮೊದಲು ವೇಗ ಹೆಚ್ಚಲಿ, ಬಳಿಕ ಆ ವೇಗದಷ್ಟು ಕಾಯಿ ಇಳಿಯಲಿ. ಎಷ್ಟು ಹೆಚ್ಚಬೇಕು? 20 ಮೀಟರನ್ನು ಪರದೆಯ 300 ಮಾನಕ್ಕೆ ಹೊಂದಿಸಿದರೆ ಒಂದು ಮೀಟರಿಗೆ 15 ಮಾನ. ಸೆಕೆಂಡಿಗೆ 30 ಸುತ್ತು ಎಂದಿಟ್ಟುಕೊಂಡರೆ, 9.8ನ್ನು 15ರಿಂದ ಗುಣಿಸಿ 900ರಿಂದ ಭಾಗಿಸಿ. ಉತ್ತರ ಸುಮಾರು 0.163. ಈ ಅಳತೆ ಹೊಂದಿಸುವ ಲೆಕ್ಕದಲ್ಲೇ ಒಂದು ಇಡೀ ಪಾಠ ಅಡಗಿದೆ. ಹಳೆಯ ಕಂಪ್ಯೂಟರಿನಲ್ಲಿ ಸುತ್ತುಗಳು ಕಡಮೆಯಾದರೆ ಗುರುತ್ವವೇ ಕಡಮೆಯಾದಂತೆ ಕಾಣುತ್ತದೆ. ಇದು ಚರ್ಚೆಗೆ ಇನ್ನೂ ಒಳ್ಳೆಯ ವಿಷಯ. ಫಲಿತಾಂಶ ಪರೀಕ್ಷಿಸಲು ಪ್ರತಿ ಅರ್ಧ ಸೆಕೆಂಡಿಗೊಂದು ಚುಕ್ಕೆ ಇಡಿಸಿ. ಚುಕ್ಕೆಗಳ ನಡುವಿನ ಅಂತರ ಗೆಲಿಲಿಯೊ ಹೇಳಿದ 1:3:5:7ಕ್ಕೆ ಹತ್ತಿರ ಬರಬೇಕು.

ಇದು ವಿದ್ಯಾರ್ಥಿಗಳಿಗೆ ನಿಲುಕದ ಮಾತೆ? 1969ರಲ್ಲಿ, ಮಾನವ ಚಂದ್ರನ ಮೇಲಿಳಿದ ಕೆಲವೇ ತಿಂಗಳಲ್ಲಿ, ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿ ಜಿಮ್ ಸ್ಟೋರರ್ ಪಿಡಿಪಿ-8 ಕಂಪ್ಯೂಟರಿನಲ್ಲಿ ಚಂದ್ರನೌಕೆ ಇಳಿಸುವ ಆಟ ಬರೆದ. ಚಿತ್ರವಿಲ್ಲ, ಸದ್ದಿಲ್ಲ, ಅಂಕಿಗಳಷ್ಟೇ. ಪ್ರತಿ 10 ಸೆಕೆಂಡಿಗೆ ಎಷ್ಟು ಇಂಧನ ಉರಿಸಬೇಕೆಂದು ಆಟಗಾರ ತೀರ್ಮಾನಿಸಬೇಕು. ಇಂಧನ ಉರಿದಂತೆ ನೌಕೆ ಹಗುರವಾಗುವುದೂ ಲೆಕ್ಕದಲ್ಲಿತ್ತು. ಆ ಪ್ರೋಗ್ರಾಮಿನ ಒಂದು ಸೂತ್ರದಲ್ಲಿ ಎರಡರಿಂದ ಭಾಗಿಸುವುದು ಬಿಟ್ಟುಹೋಗಿದ್ದುದನ್ನು 2024ರಲ್ಲಿ, 55 ವರ್ಷಗಳ ನಂತರ, ಒಬ್ಬರು ಪತ್ತೆಹಚ್ಚಿದರು. ಆಟದೊಳಗೆ ನಿಜವಾದ ಭೌತವಿಜ್ಞಾನ ಇದ್ದುದರಿಂದಲೇ ಅದರಲ್ಲಿ ಹೀಗೆ ತಪ್ಪು ಹುಡುಕಲು ಸಾಧ್ಯವಾಯಿತು.

ಇನ್ನೊಂದು ಬಗೆಯ 'ಶೈಕ್ಷಣಿಕ ಆಟ' ಪ್ರಶ್ನೋತ್ತರದ್ದು. ಸರಿ ಉತ್ತರ ಕೊಟ್ಟರೆ ಕಾಯಿ ಉದುರುತ್ತದೆ, ಅಂಕ ಸಿಗುತ್ತದೆ. ಕಹಿ ಗುಳಿಗೆಗೆ ಬೆಲ್ಲ ಸವರಿದ ಹಾಗೆ; ಪ್ರಶ್ನೆಗೂ ಕಾಯಿಗೂ ಸಂಬಂಧವಿಲ್ಲ. ನಮ್ಮಲ್ಲಿ ಉಂಡೆಕೊಬ್ಬರಿಗಾಗಿ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸುತ್ತಾರೆ. ಯಾವಾಗ ಸುಲಿಯಬೇಕೆಂದು ಆಟಗಾರನೇ ತೀರ್ಮಾನಿಸುವ ಆಟ ಮಾಡಿದರೆ, ನೀರು ಆರುವ ದರವೇ ಆಟದ ನಿಯಮವಾಗುತ್ತದೆ.

ಶಿಕ್ಷಕ ಮಿತ್ರರೆ, ಮುಂದಿನ ಪ್ರದರ್ಶನದಲ್ಲಿ ಇಂಥ ಆಟ ನಿಮ್ಮೆದುರು ಬಂದರೆ, ಬಣ್ಣಕ್ಕೂ ಸಂಗೀತಕ್ಕೂ ಅಂಕ ಹಾಕುವ ಮುನ್ನ ಒಂದು ಪ್ರಶ್ನೆ ಕೇಳಿ: "ಇದೇ ಕಾಯಿ ಚಂದ್ರನ ಮೇಲೆ ಬೀಳಬೇಕಾದರೆ ಯಾವ ಅಂಕಿ ಬದಲಿಸುತ್ತೀಯಪ್ಪ?" 0.163ನ್ನು ಸುಮಾರು ಆರನೆಯ ಒಂದು ಭಾಗಕ್ಕಿಳಿಸಿ ತೋರಿಸುವ ವಿದ್ಯಾರ್ಥಿಗೆ ಪೂರ್ಣ ಅಂಕ ಕೊಡಿ. ಚಿತ್ರ ಸೊಟ್ಟಗಿದ್ದರೂ ಚಿಂತೆಯಿಲ್ಲ.