‘ಬುದ್ಧಿಯ ಜೀನ್’ ಎನ್ನಬೇಡಿ

ವಿಜ್ಞಾನ ಬರಹಗಳಲ್ಲಿ ‘ಬುದ್ಧಿಯ ಜೀನ್’, ‘ಆಟಿಸಂ ಜೀನ್’ ಎಂಬ ಮಾತುಗಳನ್ನು ನೀವು ಓದಿರಬಹುದು. ಬರೆಯುವವರಿಗೆ ಇದು ಸುಲಭ. ಓದುವವರ ತಿಳಿವಳಿಕೆ ಮಾತ್ರ ದಾರಿ ತಪ್ಪುತ್ತದೆ. ಸಿನ್‌ಗ್ಯಾಪ್-1 ಜೀನನ್ನೇ ತೆಗೆದುಕೊಳ್ಳಿ.

ಆರನೆಯ ಕ್ರೋಮೊಸೋಮಿನಲ್ಲಿರುವ ಈ ಜೀನ್ ರೂಪಿಸುವ ಪ್ರೋಟೀನು ನರಕೋಶಗಳು ಸಂಕೇತ ದಾಟಿಸುವ ಸಿನಾಪ್ಸ್‌ಗಳಲ್ಲಿರುತ್ತದೆ. ಅದು ಬುದ್ಧಿಯನ್ನು ತಯಾರಿಸುವುದಿಲ್ಲ. ರಾಸ್ ಎಂಬ ಪ್ರೋಟೀನಿನ ಚುರುಕು ತಗ್ಗಿಸಿ ಸಿನಾಪ್ಸ್ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಪ್ರೋಟೀನು ಸಾಲದಾಗುತ್ತದೆ. ಅಂಥ ಇಲಿಮರಿಗಳಲ್ಲಿ ಸಿನಾಪ್ಸ್‌ಗಳು ಅವಧಿಗೆ ಮುನ್ನವೇ ಬಲಿಯುತ್ತವೆ ಎಂದು ಜೇಮ್ಸ್ ಕ್ಲೆಮೆಂಟ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು. ಮುಂದೆ ಅವರು ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಈ ಅಧ್ಯಯನ ಮುಂದುವರಿಸಿದರು.

ಬೇಗ ಬಲಿತರೆ ಒಳ್ಳೆಯದಲ್ಲವೆ? ಮೂಡಿಗೆರೆ, ಕಳಸದ ಕಾಫಿ ಬೆಳೆಗಾರರನ್ನು ಕೇಳಿ. ಅರೇಬಿಕಾಕ್ಕೆ ಹೂಮಳೆ ಮಾರ್ಚ್-ಏಪ್ರಿಲ್‌ನಲ್ಲಿ ಬಂದರೆ ಚೆನ್ನ. ಜನವರಿಯಲ್ಲೇ ಸುರಿದು ಹೂ ಅರಳಿದರೆ ಫಸಲು ಕೈಕೊಡಬಹುದು. ಗಿಡವೂ ಅದೇ, ಹೂವೂ ಅದೇ, ತಪ್ಪಿದ್ದು ಹೊತ್ತು. ಈ ಹೋಲಿಕೆಗೂ ಮಿತಿಯುಂಟು: ಕಾಫಿಗೆ ಮರುವರ್ಷ ಹೂವಿದೆ, ಶೈಶವ ಮರಳದು.

ಮಕ್ಕಳ ಬೌದ್ಧಿಕ ನ್ಯೂನತೆಗೂ ಈ ಜೀನಿಗೂ ಇರುವ ಸಂಬಂಧ 2009ರಲ್ಲಿ ವರದಿಯಾಯಿತು. ಈ ದೋಷ ಬಹುಪಾಲು ಹೊಸದಾಗಿ ಉಂಟಾದದ್ದು, ತಂದೆತಾಯಿಯಿಂದ ಇಳಿದುಬಂದದ್ದಲ್ಲ. ‘ಬುದ್ಧಿಯ ಜೀನ್’ ಎಂದೊಡನೆ ಮಾತ್ರ ಜನ ಮನೆತನವನ್ನು ಕೆದಕುತ್ತಾರೆ.

ಆದ್ದರಿಂದ ತರಗತಿಯಲ್ಲಿ ‘ಸಿನಾಪ್ಸ್ ಬಲಿಯುವ ವೇಗಕ್ಕೆ ಕಡಿವಾಣ ಹಾಕುವ ಜೀನ್’ ಎನ್ನಿ. ಮಾತು ಉದ್ದವಾಯಿತು, ನಿಜ. ಆದರೆ ಅದು ಯಾವ ತಾಯಿಯ ಮೇಲೂ ತಪ್ಪು ಹೊರಿಸುವುದಿಲ್ಲ.