ಜನಗಣತಿಯ ‘ಬಣ್ಣ’ದ ಕಾಲಂ ಬರೆದವರು ಯಾರು?

ಅಮೆರಿಕದ 1920ರ ಜನಗಣತಿಯ ಹಾಳೆಗಳು ಈಗ ಆನ್‌ಲೈನ್‌ನಲ್ಲೇ ಸಿಗುತ್ತವೆ. ಅದರಲ್ಲಿ ‘ಬಣ್ಣ ಅಥವಾ ಜನಾಂಗ’ ಅಂತ ಒಂದು ಕಾಲಂ ಇದೆ. ಪಂಜಾಬಿನಿಂದ ಕ್ಯಾಲಿಫೋರ್ನಿಯಾಕ್ಕೆ ಬಂದು ಹೊಲದಲ್ಲಿ ದುಡಿದ ಸಿಖ್ಖರಿಗೆ ಅಲ್ಲಿ ಗೊತ್ತಾಗಿದ್ದ ಗುರುತು ಏನು ಗೊತ್ತಾ? ‘ಹಿಂದೂ’! ‘ಇಂಡಿಯನ್’ ಅನ್ನೋ ಪದ ಆಗಲೇ ಅಲ್ಲಿನ ಮೂಲನಿವಾಸಿಗಳಿಗೆ ಅಂಟಿಕೊಂಡಿತ್ತು. ಹೀಗಾಗಿ 1920, 1930, 1940ರ ಗಣತಿಗಳಲ್ಲಿ ನಮ್ಮ ಕಡೆಯಿಂದ ಹೋದವರ ಧರ್ಮ ಯಾವುದೇ ಇರಲಿ, ಜನಾಂಗ ಮಾತ್ರ ‘ಹಿಂದೂ’.

ಕಥೆ ಓದುವಾಗ ನಿರೂಪಕರು ಯಾರು ಅಂತ ಕೇಳ್ತೀವಲ್ಲ, ಈ ಹಾಳೆಗೂ ಅದೇ ಪ್ರಶ್ನೆ ಕೇಳಿ. ಬರೆದವರು ಮನೆಯವರಲ್ಲ, ಬಾಗಿಲಿಗೆ ಬಂದ ಗಣತಿದಾರರು. ಅವರ ಕೈಯಲ್ಲಿ ಸರ್ಕಾರದ ಸೂಚನೆಗಳು. ಕಪ್ಪು–ಬಿಳಿ ಬೆರೆತ ಕುಟುಂಬದವರಿಗೆ 1920ರಲ್ಲಿ ‘ಮುಲಾಟೊ’ ಅನ್ನೋ ವರ್ಗವಿತ್ತು. 1930ರಲ್ಲಿ ಅದನ್ನು ತೆಗೆದುಹಾಕಿ, ಕಪ್ಪು ರಕ್ತ ಎಷ್ಟೇ ಕಡಿಮೆ ಇದ್ದರೂ ‘ನೀಗ್ರೊ’ ಎಂದೇ ಬರೆಯಬೇಕು ಎಂದರು. ಮನೆ ಅದೇ, ಮೈಬಣ್ಣವೂ ಅದೇ, ಬದಲಾದದ್ದು ಸೂಚನೆ.

‘ಹಾಗಾದ್ರೆ ಇದೆಲ್ಲ ಬರೀ ಸುಳ್ಳು’ ಅಂತೀರಾ? ನಾನು ಒಪ್ಪೋದಿಲ್ಲ. ಇಂಥ ಹಣೆಪಟ್ಟಿಗಳು ಬದುಕನ್ನೇ ಅಲುಗಾಡಿಸಿವೆ. ಭಗತ್ ಸಿಂಗ್ ಥಿಂಡ್ ಅಮೆರಿಕದ ಸೇನೆಯಲ್ಲಿದ್ದ ಸಿಖ್ಖರು. ಪೌರತ್ವಕ್ಕಾಗಿ ತಾನು ಬಿಳಿಯ ಎಂದು ವಾದಿಸಿದರು. ಆ ವಾದ ಮೇಲ್ಜಾತಿಯ ಹೆಮ್ಮೆಯನ್ನೂ ಆಸರೆ ಮಾಡಿಕೊಂಡಿತ್ತು. ಅದನ್ನು ನಾವು ಮುಚ್ಚಿಡಬಾರದು. 1923ರಲ್ಲಿ ಸುಪ್ರೀಂ ಕೋರ್ಟ್, ಜನಸಾಮಾನ್ಯರ ಮಾತಿನಲ್ಲಿ ‘ಬಿಳಿಯ’ ಅಂದರೆ ಇಂಥವರಲ್ಲ ಎಂದಿತು. ಆಮೇಲೆ ಪೌರತ್ವ ಸಿಕ್ಕಿದ್ದ ಹಲವು ಭಾರತೀಯರೂ ಅದನ್ನು ಕಳೆದುಕೊಂಡರು.

ತಮಾಷೆ ನೋಡಿ: 1970ರ ಗಣತಿ ಭಾರತ ಮೂಲದವರನ್ನು ಬಿಳಿಯರ ಲೆಕ್ಕಕ್ಕೇ ಸೇರಿಸಿತು. ಆಗ ಬೇಡ ಅಂದವರು ನಮ್ಮವರೇ. ಲೆಕ್ಕದಲ್ಲೇ ಕಾಣಿಸದವರು ತಮಗಾದ ತಾರತಮ್ಯವನ್ನು ತೋರಿಸೋದು ಹೇಗೆ? 1980ರಲ್ಲಿ ‘ಏಷ್ಯನ್ ಇಂಡಿಯನ್’ ಬಂತು. ಅಷ್ಟು ಹೊತ್ತಿಗೆ ಗುರುತು ಹಾಕೋದು ಮನೆಯವರ ಕೆಲಸವಾಗಿತ್ತು.

ನಿಮ್ಮ ಮಕ್ಕಳು ಶಾಲೆಯ ಪ್ರಾಜೆಕ್ಟಿಗೆ ಇಂಥ ಹಳೇ ಹಾಳೆ ತೆಗೆದರೆ, ‘ಇವರು ಯಾವ ಜನಾಂಗ?’ ಅಂತ ಅದನ್ನು ಕೇಳೋಕೆ ಬಿಡಬೇಡಿ. ಹೀಗೆ ಬರೆದವರು ಯಾರು, ಬರೆದ ಮೇಲೆ ಇವರಿಗೇನಾಯಿತು — ಇಷ್ಟನ್ನು ಹುಡುಕಲಿ. ಮುಂದಿನ ಫಾರಂ ತುಂಬುವಾಗ ನೀವೂ ಒಂದು ನಿಮಿಷ ಆ ಕಾಲಂ ಹತ್ತಿರ ನಿಲ್ಲಿ.