ಓಡಲಾರದವರ ಹೆಸರಿನಲ್ಲಿ ಓಟ

ವ್ಯಾಧಿಯೊಂದರ ಅರಿವು ಮೂಡಿಸಲೆಂದೂ ಅದರ ಶುಶ್ರೂಷೆಗೆ ಧನ ಕೂಡಿಸಲೆಂದೂ ನೂರಾರು ಮಂದಿ ಒಂದೇ ಬಣ್ಣದ ಅಂಗಿ ತೊಟ್ಟು ಬೆಳಗಿನ ಹೊತ್ತು ಬೀದಿಯಲ್ಲಿ ಓಡುವ ಪದ್ಧತಿಯು ನಮ್ಮಲ್ಲಿ ಈಚಿನದು. 2008ರಲ್ಲಿ ಬೆಂಗಳೂರಿನಲ್ಲಿ ತೊಡಗಿದ ಹತ್ತು ಕಿಲೋಮೀಟರ್ ಓಟವು ಅದಕ್ಕೊಂದು ಪ್ರತಿಷ್ಠೆಯನ್ನು ತಂದಿತು. ಜಿಲ್ಲಾ ಕೇಂದ್ರಗಳಲ್ಲಿ ಅದು ಶಾಲಾಮಕ್ಕಳ ಜಾಥಾದೊಡನೆ ಬೆರೆತುಕೊಂಡಿದೆ. ಈ ಪದ್ಧತಿಯನ್ನು ನಾನು ಹಗುರವಾಗಿ ಎಣಿಸುವವನಲ್ಲ. ಗಾಯವಿಲ್ಲದೆ, ಜ್ವರವಿಲ್ಲದೆ, ಕೇವಲ ನೋವೆಂದು ನರಳುವವನ ಮಾತನ್ನು ಒಡಹುಟ್ಟಿದವರೂ ನಂಬಲೊಲ್ಲದ ಲೋಕದಲ್ಲಿ, ಆ ಕಾಣದ ನೋವು ಒಂದು ಗಳಿಗೆಯಾದರೂ ನಡುಬೀದಿಯಲ್ಲಿ ನಿಂತು ಗೌರವ ಪಡೆಯುವುದು ಅಲ್ಪಲಾಭವೇನೂ ಅಲ್ಲ. ಆದರೆ ಓಟದ ಯೋಗ್ಯತೆಯನ್ನು ನಿರ್ಣಯಿಸಬೇಕಾದರೆ, ಓಡಲಾರದವರಿಗೆ ಅದರಿಂದ ದೊರೆತುದೇನು ಎಂದು ಕೇಳಲೇಬೇಕು.

ಸಿಕಲ್ ಸೆಲ್ ರಕ್ತಹೀನತೆಯ ಸಲುವಾಗಿ ನಡೆಯುವ ಓಟದಲ್ಲಿ ಈ ಪ್ರಶ್ನೆ ಮತ್ತಷ್ಟು ತೀಕ್ಷ್ಣವಾಗುತ್ತದೆ. ತಂದೆತಾಯಿಗಳಿಬ್ಬರಿಂದಲೂ ಈ ದೋಷವನ್ನು ಪಡೆದು ಹುಟ್ಟಿದ ಮಗುವಿನ ಕೆಂಪು ರಕ್ತಕಣಗಳು, ಪ್ರಾಣವಾಯು ಕಡಮೆಯಾದೊಡನೆ ಕುಡುಗೋಲಿನಂತೆ ಬಾಗಿ, ಸೂಕ್ಷ್ಮ ನಾಳಗಳಲ್ಲಿ ಸಿಕ್ಕಿಕೊಂಡು, ಎಲುಬಿನೊಳಗಿಂದ ಅಸಹನೀಯ ವೇದನೆಯನ್ನು ಎಬ್ಬಿಸುತ್ತವೆ. ದಣಿವು, ಚಳಿ, ಮೈಯ ನೀರು ಆರುವುದು, ಇವೆಲ್ಲ ಆ ವೇದನೆಗೆ ಆಹ್ವಾನವಿತ್ತಂತೆ. ಅಂದಮೇಲೆ ದೂರದ ಓಟವು ರೋಗಿಗೆ ಬಹುಮಟ್ಟಿಗೆ ನಿಷಿದ್ಧವಾದ ಕ್ರಿಯೆಯೇ ಸರಿ. ಕರ್ನಾಟಕದಲ್ಲಿ ಈ ವ್ಯಾಧಿ ಹೆಚ್ಚಾಗಿ ಕಾಣುವುದು ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಕಾಡಂಚಿನಲ್ಲಿ, ಜೇನುಕುರುಬರ ಹಾಡಿಗಳಲ್ಲಿ, ಸೋಲಿಗರ ಪೋಡುಗಳಲ್ಲಿ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನವು 40 ವರ್ಷದವರೆಗಿನ ಏಳು ಕೋಟಿ ಜನರ ತಪಾಸಣೆಯನ್ನು ಸಂಕಲ್ಪಿಸಿತು. ತಪಾಸಣೆಯ ಮೊದಲ ಹಂತ ಅತಿ ಸರಳ: ಬೆರಳ ತುದಿಯ ಹನಿ ರಕ್ತವನ್ನು ದ್ರಾವಣದಲ್ಲಿ ಬೆರೆಸಿ, ಕೊಳವೆಯ ಹಿಂದೆ ಗೆರೆಯೆಳೆದ ಕಾಗದವನ್ನು ಹಿಡಿದು ನೋಡುವರು, ಗೆರೆ ಸ್ಪಷ್ಟವಾಗಿ ಕಂಡರೆ ನಿಶ್ಚಿಂತೆ, ದ್ರಾವಣ ಕದಡಿ ಗೆರೆ ಮರೆಯಾದರೆ ಮುಂದಿನ ಪರೀಕ್ಷೆ. ಓಟದಲ್ಲಿ ಕೂಡಿದ ಹಣವು ಆ ಕೊಳವೆಯವರೆಗೂ, ಅದರ ಮುಂದೆ ಈ ವ್ಯಾಧಿಗೆ ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆಯವರೆಗೂ ಹೋಗಿ ಮುಟ್ಟದಿದ್ದರೆ, ಓಡಿದವರ ಬೆವರು ಓಡಿದವರ ಆರೋಗ್ಯಕ್ಕಷ್ಟೇ ಸಂದಿತು.

ಇನ್ನು ಬೇರೊಂದು ನೋವನ್ನು ಉಣ್ಣುವ ಕೋಲಾರ ಜಿಲ್ಲೆಯ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮಾತು. ದೀರ್ಘಕಾಲದ ನೋವಿನ ಹೆಸರಿನಲ್ಲಿ ಇಲ್ಲಿ ಯಾರಾದರೂ ಓಡುವುದಾದರೆ, ಅವರು ಮೊದಲು ಹೆಸರಿಸಬೇಕಾದುದು ನೀರನ್ನು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ, ಕೆರೆಗಳು ಬತ್ತಿದಂತೆಲ್ಲ ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಕ್ಕೆ ಇಳಿದು, ಕಗ್ಗಲ್ಲಿನ ಸಂದುಗಳಿಂದ ನೀರಿನೊಡನೆ ಫ್ಲೋರೈಡನ್ನೂ ಮೇಲಕ್ಕೆ ತಂದುವು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಕುಡಿಯುವ ನೀರಿಗೆ ವಿಧಿಸಿದ ಮಿತಿ. ಅದನ್ನು ಮೀರಿದ ನೀರನ್ನು ಬಾಲ್ಯದಿಂದ ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತದೆ, ವರ್ಷಗಳು ಕಳೆದಂತೆ ಮೊಣಕಾಲು ಬಿಗಿದು, ಕತ್ತು ತಿರುಗದೆ, ಬೆನ್ನು ಬಾಗುತ್ತದೆ. ಕಾಯಿಸಿದ ಮಾತ್ರಕ್ಕೆ ಈ ನೀರು ಶುದ್ಧವಾಗದೆಂಬುದನ್ನು ತಿಳಿಯದ ಮನೆಗಳು ಇನ್ನೂ ಉಂಟು. ಮೂಳೆಯೊಳಗೆ ಸೇರಿಹೋದುದನ್ನು ತೆಗೆಯುವ ಔಷಧವೂ ಇಲ್ಲ. ಆದರೂ ನಡುವಯಸ್ಸಿನ ಹೆಂಗಸು ಕುಕ್ಕರುಗಾಲಿನಲ್ಲಿ ಕೂತು ಏಳಲಾರದೆ ಗೋಡೆ ಹಿಡಿದಾಗ, ವಯಸ್ಸಾಯಿತು, ವಾಯು ಹಿಡಿದಿದೆ ಎಂದು ಮನೆಯವರು ಸುಮ್ಮನಾಗುವರು; ಅರಿವು ಮೂಡಿಸುವ ಕೆಲಸಕ್ಕೆ ಇದಕ್ಕಿಂತ ಯೋಗ್ಯವಾದ ಕ್ಷೇತ್ರವನ್ನು ನಾನು ಕಾಣೆ.

ಈ ಫ್ಲೋರೈಡನ್ನು ಸೋಸಲೆಂದು ಇಟ್ಟ ಹಳ್ಳಿಯ ಶುದ್ಧ ನೀರಿನ ಘಟಕದ ಮುಂದೆ ಇಪ್ಪತ್ತು ಲೀಟರಿನ ಕ್ಯಾನುಗಳು ಸಾಲುಗಟ್ಟಿರುತ್ತವೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಯಂತ್ರ ಕೆಟ್ಟು ಬಾಗಿಲು ಮುಚ್ಚಿದ ದಿನ, ದೂರದ ಊರಿನಿಂದ ಕ್ಯಾನು ತರಿಸಲಾರದ ಬಡವರು ಮತ್ತೆ ಕೊಳವೆಬಾವಿಯ ನೀರಿಗೇ ಕೊಡ ಒಡ್ಡುವರು. ಯರಗೋಳ್ ಜಲಾಶಯವನ್ನು ಕಟ್ಟಿದುದು ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗಾಗಿ. ಮುಳಬಾಗಿಲು, ಶ್ರೀನಿವಾಸಪುರಗಳ ದೂರದ ಹಳ್ಳಿಗಳಿಗೆ ಘಟಕವೇ ಗತಿ. ಆದುದರಿಂದ ಈ ಜಿಲ್ಲೆಯಲ್ಲಿ ಓಟವನ್ನು ಏರ್ಪಡಿಸುವವರು, ಅತಿಥಿಗಳ ಹಾರತುರಾಯಿಗೂ ಅಂಗಿಯ ಮುದ್ರಣಕ್ಕೂ ಸಲ್ಲುವ ಹಣದಲ್ಲಿ ಒಂದು ಪಾಲನ್ನು ಕೆಟ್ಟ ಘಟಕದ ದುರಸ್ತಿಗೆ ಮೀಸಲಿಟ್ಟು, ಓಟದ ದಾರಿಯಲ್ಲಿ ಸಿಗುವ ಪ್ರತಿ ಕೊಳವೆಬಾವಿಯ ಮೇಲೂ ಅದರ ಫ್ಲೋರೈಡಿನ ಪ್ರಮಾಣವನ್ನು ದಪ್ಪಕ್ಷರದಲ್ಲಿ ಬರೆಯಿಸಲಿ. ಮಾರನೆಯ ವರ್ಷ ಅದೇ ದಾರಿಯಲ್ಲಿ ಓಡುವ ಮೊದಲು, ದುರಸ್ತಿಯಾದ ಘಟಕಗಳಲ್ಲಿ ಎಷ್ಟರಿಂದ ಇನ್ನೂ ನೀರು ಬರುತ್ತಿದೆಯೆಂಬ ಲೆಕ್ಕವನ್ನು ಊರವರ ಮುಂದೆ ಓದಲಿ.